ಕುರಿ ಕಾಣದ ಊರಿನ ಕಸೂತಿ

ಪಾಸ್ಕ ಹಬ್ಬಕ್ಕೆ ಪೀಠದ ಬಟ್ಟೆಯ ಮೇಲೆ
ಒಂದು ಕುರಿಮರಿ ಹಾಕಿಕೊಡು ಎಂದರು ಸಿಸ್ಟರ್ ಅಸುಂತ.
ದ್ರಾಕ್ಷಿಗೊಂಚಲು ಹಾಕಿದ್ದೇನೆ, ಗೋಧಿತೆನೆ,
ಒಮ್ಮೆ ಪಾರಿವಾಳ. ಅದು ಕೊಕ್ಕರೆಯಾಗಿ
ಕೋಡಿಬಾಗದ ಹೆಂಗಸರೆಲ್ಲ ನಕ್ಕಿದ್ದರು.
ಕುರಿ ಹೇಗೆ ಹಾಕಲಿ?
ಕಾಳಿನದಿ ಕಡಲಿಗೆ ಬೀಳುವ ಈ ಕಡೆ
ಐವತ್ತೆರಡು ವರ್ಷದಿಂದ ಇದ್ದೇನೆ,
ಒಂದು ಕುರಿ ನಡೆದುಹೋದದ್ದು ಕಂಡಿಲ್ಲ.

ಆಡುಗಳಿವೆ. ಒಣಗಲು ಹಾಕಿದ ಬಲೆ ಜಗಿಯಲು ಬರುತ್ತವೆ.
ಕುರಿ ನಮಗೆ ಪೂಜೆಯಲ್ಲಿ ಮಾತ್ರ:
ದೇವರ ಕುರಿಮರಿಯೇ, ಎಂದು
ಮೂರು ಸಲ ಎದೆ ಮುಟ್ಟಿಕೊಂಡು
ಒಮ್ಮೆಯೂ ಮುಟ್ಟದ ಪ್ರಾಣಿಯನ್ನು ಕರೆಯುತ್ತೇವೆ.

ತಪಸ್ಸುಕಾಲದ ಒಂದು ಮಂಗಳವಾರ
ಮೀನುಬುಟ್ಟಿ ಖಾಲಿಯಾದ ಮೇಲೆ
ಕಾರವಾರ ಪೇಟೆಯಲ್ಲಿ ದಸ್ತಗೀರ ಸಾಬರ ಅಂಗಡಿ ಹಿಂದಕ್ಕೆ ಹೋದೆ.
ಹುಬ್ಬಳ್ಳಿ ಲಾರಿ ಇಳಿಸಿಹೋದದ್ದು ಏಳು.
ಮಾಂಸ ಬೇಡ, ನೋಡಬೇಕು, ಅಂದೆ.
ನನ್ನನ್ನೊಮ್ಮೆ, ಕೊರಳ ಶಿಲುಬೆಯನ್ನೊಮ್ಮೆ ನೋಡಿ
ನೋಡ್ರವ್ವ, ಎಂದರು.

ಕರಿಯದು.
ಹಣೆಯ ಮೇಲೆ ಬೆರಳಿಟ್ಟಷ್ಟು ಬಿಳಿ.
ಜೋತ ಕಿವಿ, ಬಾಲಕ್ಕಂಟಿದ ಹಿಕ್ಕೆ.

'ಆಡು ಒದರತೈತ್ರಿ, ಓಣಿಗೆಲ್ಲ ಕೇಳೂ ಹಂಗ.
ಕುರಿ ಹಂಗಲ್ಲ. ಹಿಡಕೊಂಡರ ನಿಂತಬಿಡತೈತಿ.
ಮೂವತ್ತು ವರ್ಷ ಆತು, ಇವತ್ತಿಗೂ
ಆಡಿನ ಕಣ್ಣ ನೋಡತೀನಿ, ಕುರೀದು ನೋಡಂಗಿಲ್ಲ.'

ಯೆಶಾಯನ ಪುಸ್ತಕದಲ್ಲಿ ಇದೇ ಇದೆ
ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.
ಅವರಿಗೂ ಇಬ್ರಾಹಿಮರ ಟಗರು ಇದೆಯಲ್ಲ,
ಮಗನ ಬದಲಿಗೆ ಬಂದದ್ದು.

ಬದಲಿಗೆ.
ಈ ಮಾತು ನಾನು ಇಗರ್ಜಿಯಲ್ಲಿ ಕಲಿತದ್ದಲ್ಲ.
ಕೈತಾನನಿಗೆ ಜ್ವರ ಬಂದ ರಾತ್ರಿ
ತಮ್ಮ ಬೊಸ್ತ್ಯಾಂವ್ ಅಂದ: ನೀ ಮಲಗು, ಇವತ್ತು ನಾ ಹೋಗ್ತೆ.
ಅಣ್ಣನ ಟೊಪ್ಪಿ ಹಾಕಿಕೊಂಡೇ ಹೋದ.
ದೇವಗಡ ದ್ವೀಪದ ಕಡೆ ದೋಣಿಯ ಎರಡು ಹಲಗೆ ಸಿಕ್ಕವು.
ಹತ್ತೊಂಬತ್ತು ವರ್ಷ.
ಈಗಲೂ ಕೈತಾನ ಅನ್ನದ ಬಟ್ಟಲ ಮುಂದೆ
ಕೊಂಚ ಹೊತ್ತು ಸುಮ್ಮನೆ ಕೂರುತ್ತಾನೆ.
ನೋಡಿದವರು ಪ್ರಾರ್ಥನೆ ಅಂದುಕೊಳ್ಳುತ್ತಾರೆ.

ಮೀನಿಗೂ ದನಿಯಿಲ್ಲ.
ದಿನಾ ನೂರು ಬಾಂಗಡೆಯ ಹೊಟ್ಟೆ ಸೀಳುತ್ತೇನೆ,
ಒಂದೂ ಹಾಯ್ ಅಂದಿಲ್ಲ.
ಬಾಂಗಡೆಯ ಕುರಿತು ಪ್ರವಾದಿಗಳು ಏನೂ ಬರೆದಿಲ್ಲ;
ಗುಡ್ಡದ ಕಡೆಯವರಿರಬೇಕು.

ಹೊರಡುವಾಗ ಆ ಮರಿ ನನ್ನ ಅಂಗೈ ನೆಕ್ಕಿತು,
ಮೀನಿನ ಉಪ್ಪಿಗೆ.
ಬೆರಳ ಸಂದಿಯನ್ನೂ ಬಿಡದೆ,
ಒರಟು ನಾಲಗೆ, ಬಿಸಿ ಉಸಿರು.
ಶನಿವಾರ ಹೋದಾಗ ಅಲ್ಲಿ ಬರೀ ಹಗ್ಗ.

ಕರಿ ದಾರ ತಂದೆ, ಮೂರು ಲಡಿ.
ಕಿವಿ ಹಾಕುವಾಗ ಸೂಜಿ ಚುಚ್ಚಿ ಬಟ್ಟೆಗೆ ಒಂದು ಹನಿ.
ಕುರಿಮರಿಯ ರಕ್ತದಲ್ಲಿ ತೊಳೆದು
ಬೆಳ್ಳಗಾದ ನಿಲುವಂಗಿಗಳ ಸುದ್ದಿ
ಬೈಬಲ್ಲಿನ ಕೊನೆಯಲ್ಲಿ ಬರುತ್ತದೆ.
ಬರೆದವರು ಬಟ್ಟೆ ಒಗೆದವರಲ್ಲ.
ರಕ್ತಕ್ಕೆ ಬಿಸಿನೀರು ತಾಗಿದರೆ ಕಲೆ ಕಚ್ಚಿಕೊಳ್ಳುತ್ತದೆ;
ತಣ್ಣೀರು ಬೇಕು, ಚಿಟಿಕೆ ಉಪ್ಪು,
ಇಲ್ಲವೇ ಚುಚ್ಚಿಸಿಕೊಂಡವರದೇ ಎಂಜಲು.
ಅವ್ವ ಹೇಳಿಕೊಟ್ಟದ್ದು.
ನೆಕ್ಕಿದೆ.

ಸಿಸ್ಟರ್ ಬಟ್ಟೆ ಬಿಡಿಸಿ, ಬಿಳಿ ಅಲ್ದಾ ಮಾರಾಯ್ತಿ, ಎಂದರು.
ನಾನು ಕಂಡದ್ದು ಇದು, ಅಂದೆ.
ಹಣೆಯ ಬಿಳಿಯ ಮೇಲೆ ಬೆರಳಾಡಿಸಿದರು,
ಕಿಟಕಿಯಾಚೆ ನೋಡಿದರು, ತುಂಬ ಹೊತ್ತು.
ಇಸ್ತ್ರಿ ಮಾಡಿ ತಾ, ಎಂದರು.

ಹಬ್ಬದ ರಾತ್ರಿ, ಕೈಯಲ್ಲಿ ಮೇಣ ಸೋರುವ ಬತ್ತಿ.
ಪಾದ್ರಿ ರೊಟ್ಟಿ ಮೇಲೆತ್ತಿ, ಇಗೋ, ಎಂದಾಗ
ಎಲ್ಲರ ಮುಖ ಮೇಲೆ.
ಕೈತಾನ ಮಾತ್ರ ಪೀಠದ ಬಟ್ಟೆಯನ್ನೇ ನೋಡುತ್ತಿದ್ದ.
ಹೆದರಿತ್ತೇನೇ ಅದು, ಎಂದು ಮೆಲ್ಲಗೆ ಕೇಳಿದ.
ಗೊತ್ತಿಲ್ಲ, ನನ್ನ ಕೈ ನೆಕ್ಕಿತು, ಅಂದೆ.
ಸಾಲು ಮುಂದಕ್ಕೆ ಸರಿಯಿತು.